ಸ್ವಂತ ಮನೆ: ಲಾಭ ಎಲ್ಲಿದೆ, ಮಾರುವಾಗ ಎಲ್ಲಿ ಸಿಕ್ಕಿಕೊಳ್ಳುತ್ತದೆ

ಬೆಂಗಳೂರಿನಲ್ಲಿ ಥರ್ಟಿ-ಫಾರ್ಟಿ ಸೈಟಿನ ಮನೆಯ ಗೇಟಿಗೆ ‘ಮಾರಾಟಕ್ಕಿದೆ’ ಅಂತ ಬೋರ್ಡ್ ಹಾಕಿ ನೋಡಿ. ಫೋನ್ ಮಾಡಿದವರು ಎಷ್ಟು ರೂಮಿದೆ ಎಂದು ಮೊದಲು ಕೇಳುವುದಿಲ್ಲ. ‘ಎ ಖಾತಾನಾ, ಬಿ ಖಾತಾನಾ?’ ಎನ್ನುತ್ತಾರೆ, ಅಂದರೆ ಪಾಲಿಕೆಯ ದಾಖಲೆಯಲ್ಲಿ ಆಸ್ತಿ ಕ್ರಮಬದ್ಧವಾಗಿದೆಯಾ ಎಂದು. ಆಮೇಲೆ ‘ಯಾವ ಫೇಸಿಂಗ್?’ ಆಮೇಲೆ ರೇಟು. ನೀವು ಆಸೆಪಟ್ಟು ಹಾಕಿಸಿದ ಗ್ರಾನೈಟು, ಮಾಡ್ಯುಲರ್ ಕಿಚನ್, ಫಾಲ್ಸ್ ಸೀಲಿಂಗ್ ಎಲ್ಲ ಮಾತಿಗೆ ಬರುವುದು ತುಂಬ ತಡವಾಗಿ. ಕೆಲವೊಮ್ಮೆ ಬರುವುದೇ ಇಲ್ಲ.

ಸ್ವಂತ ಮನೆಯಿಂದ ಲಾಭ ಇದೆ, ಅದರಲ್ಲಿ ಅನುಮಾನ ಬೇಡ. ಆದರೆ ದುಡ್ಡಿನ ಲೆಕ್ಕದಲ್ಲಿ ಆ ಲಾಭದ ದೊಡ್ಡ ಪಾಲು ಕೈಗೆ ಸಿಗುವುದು ಮಾರುವ ದಿನ. ಆ ದಿನ ಗೋಡೆಗಿಂತ ಜಾಸ್ತಿ ತೂಕ ಬೀರುವಿನಲ್ಲಿರುವ ಫೈಲಿಗೆ. ಹಾಗಾಗಿ ಮನೆ ಇಟ್ಟುಕೊಳ್ಳುವ ಲಾಭವನ್ನೂ ಮಾರುವ ತಯಾರಿಯನ್ನೂ ಬೇರೆ ಬೇರೆ ಮಾಡದೆ ಒಟ್ಟಿಗೇ ನೋಡೋಣ. ಉದಾಹರಣೆಗಳು ಹೆಚ್ಚಾಗಿ ಬೆಂಗಳೂರಿನವು. ನೋಂದಣಿಯ ಮಾತು ಇಡೀ ಕರ್ನಾಟಕಕ್ಕೆ, ತೆರಿಗೆಯ ಲೆಕ್ಕ ಇಡೀ ದೇಶಕ್ಕೆ ಅನ್ವಯಿಸುತ್ತದೆ.

ಬಾಡಿಗೆ, ಇಎಂಐ ಮತ್ತು ನೆಲ

‘ಬಾಡಿಗೆ ಕಟ್ಟುವ ದುಡ್ಡಲ್ಲೇ ಇಎಂಐ ಕಟ್ಟಬಹುದು’ ಅನ್ನುವ ಮಾತು ಎಲ್ಲರ ಬಾಯಲ್ಲೂ ಇದೆ. ನಗರಗಳಲ್ಲಿ ಇದು ಪೂರ್ತಿ ನಿಜವಲ್ಲ. 1 ಕೋಟಿ ಬೆಲೆಯ ಫ್ಲಾಟಿಗೆ ತಿಂಗಳಿಗೆ 25ರಿಂದ 30 ಸಾವಿರ ಬಾಡಿಗೆ ಬಂತು ಎಂದುಕೊಳ್ಳಿ. ವರ್ಷಕ್ಕೆ 3ರಿಂದ 3.6 ಲಕ್ಷ. ಹಾಕಿದ ದುಡ್ಡಿನ ಮೇಲೆ ಶೇ 3.6ಕ್ಕಿಂತ ಜಾಸ್ತಿ ಇಲ್ಲ. ಗೃಹಸಾಲದ ಬಡ್ಡಿ ಇದರ ಸುಮಾರು ಎರಡರಷ್ಟೋ ಅದಕ್ಕಿಂತ ಜಾಸ್ತಿಯೋ ಇರುತ್ತದೆ. ಬರೀ ತಿಂಗಳ ಲೆಕ್ಕ ನೋಡಿದರೆ ಬಾಡಿಗೆಗೆ ಇರುವವನೇ ಜಾಣ.

ಆದರೂ ಜನ ಮನೆ ಕೊಳ್ಳುತ್ತಾರೆ. ಅದಕ್ಕೆ ಕಾರಣ ಇದೆ. ಬಾಡಿಗೆ ಕರಾರು 11 ತಿಂಗಳದು. ಪ್ರತಿ ಸಲ ಹೊಸ ಕರಾರು, ಪ್ರತಿ ಸಲ ಏರಿಕೆ. ಮಾಲೀಕರ ಮಗ ಅಮೆರಿಕದಿಂದ ವಾಪಸ್ ಬಂದರೆ ನೀವು ಖಾಲಿ ಮಾಡಬೇಕು. ಮಕ್ಕಳ ಸ್ಕೂಲು, ಅಪ್ಪ-ಅಮ್ಮನ ಡಾಕ್ಟರು, ಗ್ಯಾಸ್ ಏಜೆನ್ಸಿ, ಎಲ್ಲದರ ವಿಳಾಸ ಮತ್ತೆ ಬದಲಿಸಬೇಕು. ಸ್ವಂತ ಮನೆಯಲ್ಲಿ ಈ ಕಾಟ ಇಲ್ಲ. ಬಡ್ಡಿ ದರ ಏರಿಳಿದರೆ ಇಎಂಐ ಅಥವಾ ಸಾಲದ ಅವಧಿ ಬದಲಾಗುವುದು ನಿಜ. ಆದರೂ ಇವತ್ತಿನ 43 ಸಾವಿರದ ಕಂತು ಹದಿನೈದು ವರ್ಷದ ಮೇಲೆ ಸಂಬಳದ ಸಣ್ಣ ತುಂಡಾಗಿರುತ್ತದೆ. ಬಾಡಿಗೆ ಹಾಗೆ ಸಣ್ಣದಾಗುವುದಿಲ್ಲ.

ಇನ್ನೊಂದು ಲಾಭವನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಮನೆ ಸಾಲ ನಮ್ಮಿಂದ ಬಲವಂತವಾಗಿ ಉಳಿತಾಯ ಮಾಡಿಸುತ್ತದೆ. ಮ್ಯೂಚುವಲ್ ಫಂಡಿಗೆ ತಿಂಗಳು ತಿಂಗಳು ಹಾಕುವ ಎಸ್‌ಐಪಿ ನಿಲ್ಲಿಸಲು ಮೊಬೈಲಿನಲ್ಲಿ ಒಂದು ಬಟನ್ ಸಾಕು. ಇಎಂಐ ಹಾಗೆ ನಿಲ್ಲಿಸಲು ಆಗುವುದಿಲ್ಲ. ದುಡ್ಡು ಕೈಯಲ್ಲಿದ್ದರೆ ಖರ್ಚಾಗುವ ನಮ್ಮಂಥವರಿಗೆ ಇದು ಸಣ್ಣ ವಿಷಯ ಅಲ್ಲ.

ಆದರೆ ಆ ಉಳಿತಾಯ ಶುರುವಾಗುವುದು ತುಂಬ ನಿಧಾನ. 50 ಲಕ್ಷ ಸಾಲ, ಶೇ 8.5 ಬಡ್ಡಿ, 20 ವರ್ಷ ಎಂದುಕೊಳ್ಳಿ. ಇಎಂಐ ಸುಮಾರು 43,390 ರೂಪಾಯಿ. ಮೊದಲ ಕಂತಿನಲ್ಲಿ 35,417 ರೂಪಾಯಿ ಬಡ್ಡಿಗೇ ಹೋಗುತ್ತದೆ, ಅಸಲಿಗೆ ಸೇರುವುದು 8 ಸಾವಿರಕ್ಕೂ ಕಮ್ಮಿ. ಐದು ವರ್ಷ ಬಿಡದೆ ಕಟ್ಟಿದರೆ ಕೈಯಿಂದ 26 ಲಕ್ಷ ಹೋಗಿರುತ್ತದೆ. ಸಾಲ ಇಳಿದಿರುವುದು 6 ಲಕ್ಷದಷ್ಟು ಮಾತ್ರ. ಇನ್ನೂ 44 ಲಕ್ಷ ಬಾಕಿ! ಇದಕ್ಕೆ ಕೊಳ್ಳುವಾಗಿನ ಖರ್ಚು ಸೇರಿಸಿ. ಕರ್ನಾಟಕದ ನಗರಗಳಲ್ಲಿ 45 ಲಕ್ಷ ಮೀರಿದ ಆಸ್ತಿಗೆ ಮುದ್ರಾಂಕ ಶುಲ್ಕ ಶೇ 5, ಅದರ ಮೇಲೆ ಸೆಸ್ಸು, ಸರ್ಚಾರ್ಜು. ನೋಂದಣಿ ಶುಲ್ಕವೂ 2025ರ ಆಗಸ್ಟ್ ಕೊನೆಯಿಂದ ಶೇ 1ರಿಂದ 2ಕ್ಕೆ ಏರಿದೆ. ಎಲ್ಲ ಸೇರಿ ಶೇ 7.6. ಅಂದರೆ 1 ಕೋಟಿಯ ಮನೆಗೆ 7.6 ಲಕ್ಷ. ಮಾರುವಾಗ ಇದನ್ನು ಯಾರೂ ವಾಪಸ್ ಕೊಡುವುದಿಲ್ಲ. ಮೂರ್ನಾಲ್ಕು ವರ್ಷದಲ್ಲಿ ಊರು ಬಿಡುವ ಯೋಚನೆ ಇರುವವರು ಮನೆ ಕೊಳ್ಳದಿದ್ದರೇ ಒಳ್ಳೆಯದು. ಏಳೆಂಟು ವರ್ಷಕ್ಕಿಂತ ಜಾಸ್ತಿ ಇರುವವರಿಗೆ ಲೆಕ್ಕ ನಿಧಾನವಾಗಿ ತಿರುಗುತ್ತದೆ.

ತೆರಿಗೆ ಉಳಿಯುತ್ತದೆ ಅಂತ ಮನೆ ಕೊಳ್ಳುವವರು ಈಗಲೂ ಇದ್ದಾರೆ. ಹಳೇ ತೆರಿಗೆ ಪದ್ಧತಿಯಲ್ಲಿ ನೀವೇ ವಾಸ ಮಾಡುವ ಮನೆಯ ಸಾಲದ ಬಡ್ಡಿಗೆ ವರ್ಷಕ್ಕೆ 2 ಲಕ್ಷದವರೆಗೆ ವಿನಾಯಿತಿ ಇದೆ. ಹೊಸ ಪದ್ಧತಿಯಲ್ಲಿ ಅದು ಇಲ್ಲ. 2023-24ರಿಂದ ನೀವು ಬೇಡ ಎನ್ನದಿದ್ದರೆ ಹೊಸ ಪದ್ಧತಿಯೇ ನಿಮ್ಮ ಪದ್ಧತಿ. ಹಾಗಾಗಿ ಬಿಲ್ಡರ್ ಕಡೆಯವರು ತೋರಿಸುವ ‘ಟ್ಯಾಕ್ಸ್ ಸೇವಿಂಗ್’ ಚೀಟಿಯನ್ನು ನಂಬುವ ಮೊದಲು ನೀವು ಯಾವ ಪದ್ಧತಿಯಲ್ಲಿದ್ದೀರಿ ನೋಡಿಕೊಳ್ಳಿ.

ಹಾಗಾದರೆ ಬೆಲೆ ಏರುವುದು ಯಾವುದರದ್ದು? ನೆಲದ್ದು. ಕಟ್ಟಡದ್ದಲ್ಲ. ಕಟ್ಟಡ ವರ್ಷ ವರ್ಷ ಹಳೆಯದಾಗುತ್ತದೆ, ಬೆಲೆ ಇಳಿಯುತ್ತದೆ. ಮೂವತ್ತು ವರ್ಷದ ಹಳೇ ಮನೆ ಕೊಳ್ಳಲು ಬಂದವನು ಚದರಡಿ ಲೆಕ್ಕದಲ್ಲಿ ಸೈಟಿಗೆ ರೇಟು ಕಟ್ಟುತ್ತಾನೆ. ಮನೆಗೆ ಏನೋ ಒಂದಿಷ್ಟು ಸೇರಿಸುತ್ತಾನೆ, ಅಥವಾ ‘ಹೇಗೂ ಒಡೀಬೇಕಲ್ವಾ’ ಎನ್ನುತ್ತಾನೆ. ಫ್ಲಾಟಿನಲ್ಲಿ ನಿಮ್ಮ ಪಾಲಿನ ನೆಲ ತುಂಬ ಕಡಿಮೆ. ಅದಕ್ಕೇ ಹಳೇ ಫ್ಲಾಟುಗಳ ಬೆಲೆ ಅದೇ ಬೀದಿಯ ಹಳೇ ಮನೆಗಳಷ್ಟು ಓಡುವುದಿಲ್ಲ. ಮಾರುವ ಮೊದಲು ಎಷ್ಟು ಖರ್ಚು ಮಾಡಬೇಕು ಅನ್ನುವ ಪ್ರಶ್ನೆಗೂ ಉತ್ತರ ಇಲ್ಲೇ ಇದೆ. ನೀವು ಮಾರುತ್ತಿರುವುದು ಹೆಚ್ಚಾಗಿ ನೆಲ. ನೆಲಕ್ಕೆ ಬಣ್ಣ ಬಳಿಯಲು ಆಗುವುದಿಲ್ಲ. ಅದರ ಕಾಗದ ಸರಿ ಮಾಡಬಹುದು.

ಫೈಲು ಬಿಚ್ಚಿ ಕೂರುವ ಹೊತ್ತು

ಮೊದಲು ಒಂದು ಗೊಂದಲ ಬಿಡಿಸೋಣ. ಖಾತಾ ಒಡೆತನದ ಪತ್ರ ಅಲ್ಲ. ಈ ಆಸ್ತಿಗೆ ತೆರಿಗೆ ಕಟ್ಟಬೇಕಾದವರು ಯಾರು ಎಂದು ಪಾಲಿಕೆ ಬರೆದಿಟ್ಟುಕೊಂಡ ದಾಖಲೆ ಅಷ್ಟೆ. ಒಡೆತನ ಬರುವುದು ನೋಂದಣಿಯಾದ ಕ್ರಯಪತ್ರ, ವಿಭಾಗ ಪತ್ರ, ದಾನಪತ್ರ ಅಥವಾ ಉತ್ತರಾಧಿಕಾರದಿಂದ. ಬರೀ ಜಿಪಿಎ (ಇನ್ನೊಬ್ಬರ ಪರವಾಗಿ ವ್ಯವಹರಿಸಲು ಕೊಡುವ ಅಧಿಕಾರ ಪತ್ರ) ಮೇಲೆ ಕೈ ಬದಲಾದ ಸೈಟುಗಳು ಬೆಂಗಳೂರಿನ ಸುತ್ತ ಸಾವಿರಾರಿವೆ. ಜಿಪಿಎಯಿಂದ ಒಡೆತನ ವರ್ಗಾವಣೆ ಆಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿದೆ. ನಿಮ್ಮ ಫೈಲಿನ ಸರಪಳಿಯಲ್ಲಿ ಎಲ್ಲಾದರೂ ಜಿಪಿಎ ಇದ್ದರೆ ಕೊಳ್ಳುವವರ ವಕೀಲರು ಅಲ್ಲೇ ನಿಲ್ಲುತ್ತಾರೆ.

ಒಡೆತನದ ಪತ್ರ ಅಲ್ಲದಿದ್ದರೂ ಖಾತಾ ಇಲ್ಲದೆ ಈಗ ಹೆಜ್ಜೆ ಮುಂದೆ ಹೋಗುವುದಿಲ್ಲ. 2024ರ ಕೊನೆಯಿಂದ ಬೆಂಗಳೂರಿನಲ್ಲಿ ಇ-ಖಾತಾ, ಅಂದರೆ ಡಿಜಿಟಲ್ ಖಾತಾ, ಇಲ್ಲದ ಆಸ್ತಿಯ ನೋಂದಣಿ ಆಗುತ್ತಿಲ್ಲ. ಹಳ್ಳಿ ಕಡೆ ಇದೇ ಕೆಲಸಕ್ಕೆ ಪಂಚಾಯಿತಿಯ ಆಸ್ತಿ ದಾಖಲೆಯಾದ ಇ-ಸ್ವತ್ತಿನ ನಮೂನೆ 9 ಮತ್ತು 11 ಬೇಕು. ಇ-ಖಾತಾಗೆ ಅರ್ಜಿ ಹಾಕಲು ಕ್ರಯಪತ್ರ, ಮಾಲೀಕರ ಆಧಾರ್, ಆಸ್ತಿ ತೆರಿಗೆಯ ವಿವರ, ಕರೆಂಟ್ ಬಿಲ್ಲಿನ ನಂಬರು, ಇಸಿ (ಋಣಭಾರ ಪತ್ರ), ಮನೆಯ ಫೋಟೋ ಕೊಡಬೇಕು. ಕೇಳಲು ಸುಲಭ. ಆದರೆ ಕ್ರಯಪತ್ರದಲ್ಲಿ ‘ಕೆ. ರಾಮಯ್ಯ’, ಆಧಾರಿನಲ್ಲಿ ‘ರಾಮಯ್ಯ ಕೆಂಪಯ್ಯ’, ತೆರಿಗೆ ರಶೀದಿಯಲ್ಲಿ ತೀರಿಕೊಂಡ ತಂದೆಯ ಹೆಸರು ಅಂತ ಇದ್ದರೆ ಎಷ್ಟು ವಾರ ಬೇಕೋ ಹೇಳಲಾಗದು. ಕೊಳ್ಳುವವನು ಅಡ್ವಾನ್ಸ್ ಕೊಟ್ಟ ಮೇಲೆ ಈ ಕೆಲಸ ಶುರು ಮಾಡಿದರೆ ಚೌಕಾಸಿಯ ಬಲ ಅವನ ಕಡೆ ಹೋಗುತ್ತದೆ.

ಬಿ ಖಾತಾ ಬಗ್ಗೆ ಎರಡೇ ಮಾತು. ಕೃಷಿಯಿಂದ ಬೇರೆ ಬಳಕೆಗೆ ಭೂಪರಿವರ್ತನೆ ಆಗದ ಅಥವಾ ಮಂಜೂರಾಗದ ಬಡಾವಣೆಯ ಆಸ್ತಿಗಳು ಸಾಮಾನ್ಯವಾಗಿ ಇಲ್ಲಿರುತ್ತವೆ. ಹಲವು ಬ್ಯಾಂಕುಗಳು ಇವುಗಳ ಮೇಲೆ ಸಾಲ ಕೊಡುವುದಿಲ್ಲ. ಸಾಲ ಸಿಗದಿದ್ದರೆ ಕೊಳ್ಳುವವರ ಸಂಖ್ಯೆ ಕಮ್ಮಿ, ಕೊಳ್ಳುವವರು ಕಮ್ಮಿಯಾದರೆ ಬೆಲೆಯೂ ಕಮ್ಮಿ. ಬಿ ಖಾತಾವನ್ನು ಎ ಖಾತಾ ಮಾಡಿಕೊಡುವ ಯೋಜನೆಯನ್ನು ಸರ್ಕಾರ 2025ರಲ್ಲಿ ತಂದಿದೆ. ನಿಮ್ಮ ಆಸ್ತಿ ಅದರಲ್ಲಿ ಬರುತ್ತದಾ ಎಂದು ಬೋರ್ಡ್ ಹಾಕುವ ಮೊದಲೇ ವಿಚಾರಿಸಿಕೊಳ್ಳಿ.

ಇಸಿ, ಅಂದರೆ ಋಣಭಾರ ಪತ್ರ, ಆಸ್ತಿಯ ಮೇಲೆ ಏನೇನು ನೋಂದಣಿ ಆಗಿದೆ ಅನ್ನುವ ಪಟ್ಟಿ. 2004ರ ಏಪ್ರಿಲ್‌ನಿಂದ ಈಚಿನದು ಕಾವೇರಿ ಜಾಲತಾಣದಲ್ಲಿ ಮನೆಯಿಂದಲೇ ಸಿಗುತ್ತದೆ. ಅದರ ಹಿಂದಿನದಕ್ಕೆ ಉಪನೋಂದಣಾಧಿಕಾರಿ ಕಚೇರಿಯ ಹಳೇ ಪುಸ್ತಕ ಹುಡುಕಿಸಬೇಕು. ಕೊಳ್ಳುವವರ ವಕೀಲರು ಸಾಮಾನ್ಯವಾಗಿ 30 ವರ್ಷದ ಇಸಿ ಕೇಳುತ್ತಾರೆ. ನೀವೇ ಮೊದಲು ತೆಗೆಸಿ, ಒಂದು ಸಾಲೂ ಬಿಡದೆ ಓದಿ. ಎಂದೋ ತೀರಿಸಿದ ಸಾಲ ಇನ್ನೂ ಅಲ್ಲೇ ಕೂತಿರುವುದು ಕಾಣಬಹುದು. ಬ್ಯಾಂಕು ‘ಸಾಲ ತೀರಿದೆ’ ಎಂದು ಪತ್ರ ಕೊಟ್ಟ ಮಾತ್ರಕ್ಕೆ ಇಸಿಯಲ್ಲಿ ಅದು ಕಾಣಿಸುವುದಿಲ್ಲ. ಸಾಲ ತೆಗೆಯುವಾಗ ಅಡಮಾನ ನೋಂದಣಿಯಾಗಿದ್ದರೆ, ತೀರಿದ ಮೇಲೆ ಅದರ ಬಿಡುಗಡೆ ಪತ್ರವೂ ನೋಂದಣಿ ಆಗಬೇಕು. ಬಹಳ ಜನ ಮೂಲಪತ್ರ ವಾಪಸ್ ತಂದು ದೇವರ ಮುಂದಿಟ್ಟು ಕೈಮುಗಿದು ಸುಮ್ನೆ ಆಗಿಬಿಡುತ್ತಾರೆ. ಅಂದಹಾಗೆ, ಸಾಲ ಪೂರ್ತಿ ತೀರಿದ 30 ದಿನದೊಳಗೆ ಬ್ಯಾಂಕು ಮೂಲಪತ್ರ ವಾಪಸ್ ಕೊಡಬೇಕು. ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5 ಸಾವಿರ ರೂಪಾಯಿ ಪರಿಹಾರ. ಇದು 2023ರ ಡಿಸೆಂಬರ್‌ನಿಂದ ಜಾರಿಯಲ್ಲಿರುವ ರಿಸರ್ವ್ ಬ್ಯಾಂಕಿನ ನಿಯಮ.

ಸಾಲ ಇನ್ನೂ ಬಾಕಿ ಇದ್ದರೂ ಮನೆ ಮಾರಬಹುದು. ಬ್ಯಾಂಕಿನಿಂದ ಬಾಕಿ ಎಷ್ಟೆಂಬ ಪತ್ರ ತಂದು ಕೊಳ್ಳುವವನಿಗೆ ತೋರಿಸಿ. ಅವನ ಅಥವಾ ಅವನ ಬ್ಯಾಂಕಿನ ದುಡ್ಡು ನೇರ ನಿಮ್ಮ ಸಾಲಕ್ಕೆ ಜಮಾ ಆಗುತ್ತದೆ, ಪತ್ರ ಬಿಡುಗಡೆ ಆಗುತ್ತದೆ, ಉಳಿದದ್ದು ನಿಮಗೆ. ಫ್ಲೋಟಿಂಗ್ (ಏರಿಳಿಯುವ) ಬಡ್ಡಿಯ ಗೃಹಸಾಲಕ್ಕೆ ಅವಧಿಗೆ ಮುಂಚೆ ತೀರಿಸಿದ್ದಕ್ಕೆ ದಂಡ ಇಲ್ಲ.

ಇನ್ನು ಚಕ್ಕುಬಂದಿ. ಕ್ರಯಪತ್ರದ ಕೊನೆಯ ಹಾಳೆಯಲ್ಲಿ ಷೆಡ್ಯೂಲ್ ಅಂತ ಇರುತ್ತದೆ ನೋಡಿ. ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಸೈಟ್ ನಂಬರ್ 23, ಉತ್ತರಕ್ಕೆ ಇಂಥವರ ಮನೆ, ದಕ್ಷಿಣಕ್ಕೆ ಇಂಥದ್ದು. ನಿಮ್ಮ ಪತ್ರ, ಅದರ ಹಿಂದಿನ ಪತ್ರ, ಖಾತಾ ಮೂರನ್ನೂ ಟೇಬಲ್ ಮೇಲೆ ಹರಡಿಕೊಂಡು ಈ ನಾಲ್ಕು ಸಾಲನ್ನು ತಾಳೆ ನೋಡಿ. ಒಂದರಲ್ಲಿ ಪೂರ್ವ-ಪಶ್ಚಿಮ 30 ಅಡಿ, ಇನ್ನೊಂದರಲ್ಲಿ 40 ಅಡಿ ಅಂತ ಅದಲುಬದಲಾಗಿರುವುದು ಅಪರೂಪವೇನಲ್ಲ. ಪತ್ರ ಬರೆಯುವವರ ಟೈಪಿಂಗ್ ತಪ್ಪು. ಇಪ್ಪತ್ತು ವರ್ಷ ಯಾರೂ ಗಮನಿಸಿರುವುದಿಲ್ಲ. ಸರಿಪಡಿಸಲು ತಿದ್ದುಪಡಿ ಪತ್ರ ಆಗಬೇಕು. ಅದಕ್ಕೆ ನಿಮಗೆ ಮಾರಿದವರ ಸಹಿ ಬೇಕು. ಅವರು ತೀರಿಕೊಂಡಿದ್ದರೆ ಅವರ ವಾರಸುದಾರರೆಲ್ಲರ ಸಹಿ. ಅವರು ಯಾವ ಊರಲ್ಲಿದ್ದಾರೋ! ಹಾಗಾಗಿ ಮಾರುವ ಯೋಚನೆ ಇರಲಿ ಬಿಡಲಿ, ಈ ತಪ್ಪು ಕಂಡ ದಿನವೇ ಸರಿ ಮಾಡಿಸುವುದು ಲೇಸು.

ಅಕ್ಕ-ತಂಗಿಯರ ಸಹಿ

ಕರ್ನಾಟಕದಲ್ಲಿ ಮನೆ ಮಾರಾಟ ಮುರಿದುಬೀಳುವ ದೊಡ್ಡ ಕಾರಣಗಳಲ್ಲಿ ಇದೂ ಒಂದು. ‘ಅಪ್ಪನ ಮನೆ, ಅಣ್ಣ-ತಮ್ಮ ಇಬ್ಬರೂ ಒಪ್ಪಿದ್ದೇವೆ, ಅಕ್ಕನ ಮದುವೆ ಆಗಿ ಮೂವತ್ತು ವರ್ಷ ಆಯಿತು’ ಎನ್ನುತ್ತಾರೆ. ಅಕ್ಕನ ಮದುವೆಗೂ ಅವರ ಹಕ್ಕಿಗೂ ಈಗ ಸಂಬಂಧ ಇಲ್ಲ.

ಕರ್ನಾಟಕ 1994ರಲ್ಲೇ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಪಾಲು ಕೊಟ್ಟ ರಾಜ್ಯ. ಆದರೆ ಆ ತಿದ್ದುಪಡಿಗೆ ಮೊದಲೇ ಮದುವೆಯಾದವರನ್ನು ಅದು ಹೊರಗಿಟ್ಟಿತ್ತು. 2005ರ ಕೇಂದ್ರದ ತಿದ್ದುಪಡಿ ಆ ಭೇದವನ್ನೂ ತೆಗೆಯಿತು. ಅಪ್ಪ 2005ಕ್ಕೆ ಮೊದಲೇ ತೀರಿಕೊಂಡಿದ್ದರೆ ಹೇಗೆ ಅನ್ನುವ ಜಗಳ ಹದಿನೈದು ವರ್ಷ ನಡೆಯಿತು. ವಿನೀತಾ ಶರ್ಮಾ ಪ್ರಕರಣದಲ್ಲಿ 2020ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಅದಕ್ಕೂ ತೆರೆ ಎಳೆಯಿತು. ಮಗಳ ಹಕ್ಕು ಹುಟ್ಟಿನಿಂದ ಬರುವಂಥದ್ದು, ತಂದೆ ಆ ದಿನಕ್ಕೆ ಬದುಕಿರಬೇಕೆಂದಿಲ್ಲ ಎಂದಿತು. 2004ರ ಡಿಸೆಂಬರ್ 20ಕ್ಕಿಂತ ಮೊದಲೇ ಕ್ರಮವಾಗಿ ಆಗಿಹೋದ ವಿಭಾಗ ಅಥವಾ ಮಾರಾಟವನ್ನು ಮಾತ್ರ ಈಗ ಕೆದಕುವಂತಿಲ್ಲ. ಅಪ್ಪನೇ ದುಡಿದು ಕೊಂಡ ಮನೆಯಾಗಿದ್ದು, ಅವರು ವಿಲ್ ಬರೆಯದೆ ಹೋಗಿದ್ದರೆ, ಅಮ್ಮ ಮತ್ತು ಮಕ್ಕಳೆಲ್ಲರಿಗೂ ಸಮಪಾಲು. ಅಪ್ಪನ ಅಮ್ಮ ಬದುಕಿದ್ದರೆ ಅವರಿಗೂ. ಇದು ಹಿಂದೂ ಉತ್ತರಾಧಿಕಾರ ಕಾಯ್ದೆಯ ಮಾತು. ಮುಸ್ಲಿಂ, ಕ್ರೈಸ್ತ ಕುಟುಂಬಗಳಿಗೆ ಅವರವರ ಕಾನೂನು ಬೇರೆ.

ಹಾಗಾಗಿ ನಾಡಕಚೇರಿಯಿಂದ ವಂಶವೃಕ್ಷ ಮಾಡಿಸಿಕೊಳ್ಳಿ. ಅದರಲ್ಲಿರುವ ಪ್ರತಿಯೊಬ್ಬರೂ ಒಂದೋ ಕ್ರಯಪತ್ರಕ್ಕೆ ಸಹಿ ಹಾಕಬೇಕು, ಇಲ್ಲವೇ ಮೊದಲೇ ಹಕ್ಕು ಬಿಡುಗಡೆ ಪತ್ರ ನೋಂದಣಿ ಮಾಡಿಕೊಟ್ಟಿರಬೇಕು. ಫೋನಿನಲ್ಲಿ ‘ನಂಗೇನೂ ಬೇಡ, ನೀವೇ ಮಾರ್ಕೊಳ್ಳಿ’ ಎಂದದ್ದಕ್ಕೆ ಬೆಲೆ ಇಲ್ಲ. ಪಾಲು ಕೊಟ್ಟು ಸಹಿ ತೆಗೆದುಕೊಳ್ಳುವುದೇ ನ್ಯಾಯ ಅನ್ನುವುದು ನನ್ನ ಅಭಿಪ್ರಾಯ. ಅದೇ ಸುರಕ್ಷಿತವೂ ಹೌದು.

ಗೋಡೆ, ನೀರು, ವಾಸ್ತು

ಈಗ ಮನೆಗೆ ಬರೋಣ. ಕೊಳ್ಳುವವರ ಜೊತೆ ಬಂದ ಮಾವನೋ ಚಿಕ್ಕಪ್ಪನೋ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟ ತಕ್ಷಣ ತಲೆ ಎತ್ತಿ ಮೇಲ್ಛಾವಣಿಯ ಮೂಲೆ ನೋಡುತ್ತಾರೆ. ಆಮೇಲೆ ಬಾತ್‌ರೂಮಿಗೆ ಅಂಟಿಕೊಂಡ ಗೋಡೆಯ ಹೊರಮೈ ನೋಡುತ್ತಾರೆ. ಅಲ್ಲಿ ಬಣ್ಣ ಉಬ್ಬಿದ್ದರೆ ಹೆಬ್ಬೆರಳಲ್ಲಿ ಒತ್ತುತ್ತಾರೆ. ಒಳಗಿಂದ ಬಿಳಿ ಪುಡಿ ಉದುರಿದರೆ ಏನೂ ಮಾತಾಡುವುದಿಲ್ಲ. ರೇಟಿನ ಮಾತು ಬಂದಾಗ ಆ ಪುಡಿ ಲಕ್ಷಗಳ ಲೆಕ್ಕದಲ್ಲಿ ವಾಪಸ್ ಬರುತ್ತದೆ.

ಆ ಪುಡಿ ಇಟ್ಟಿಗೆ, ಸಿಮೆಂಟಿನೊಳಗಿನ ಉಪ್ಪು. ನೀರು ಗೋಡೆಯೊಳಗೆ ಹರಿದು ಹೊರಮೈಯಲ್ಲಿ ಆರುವಾಗ ಉಪ್ಪನ್ನು ಅಲ್ಲೇ ಬಿಟ್ಟುಹೋಗುತ್ತದೆ. ಅದರ ಮೇಲೆ ಪುಟ್ಟಿ ಹಾಕಿ ಬಣ್ಣ ಹೊಡೆದರೆ ಕೆಲವೇ ತಿಂಗಳಲ್ಲಿ ಮತ್ತೆ ಉಬ್ಬುತ್ತದೆ. ನೀರಿನ ಮೂಲವನ್ನು ಮೊದಲು ನಿಲ್ಲಿಸಬೇಕು. ಅದು ಟೈಲ್ಸಿನ ಸಂದೋ, ಒಳಗೆ ಒಡೆದ ಪೈಪೋ, ತಾರಸಿಯ ಬಿರುಕೋ, ನೀರು ನಿಲ್ಲುವ ಸಜ್ಜೆಯೋ ಇರಬಹುದು. ಗೋಡೆ ಪೂರ್ತಿ ಒಣಗಿದ ಮೇಲೆ ಬಣ್ಣ. ಅದಕ್ಕೇ ಈ ಕೆಲಸಕ್ಕೆ ಬೇಸಿಗೆ ಒಳ್ಳೆಯದು. ಮಾರ್ಚಿನಲ್ಲಿ ರಿಪೇರಿ ಮಾಡಿಸಿದರೆ ಏಪ್ರಿಲ್-ಮೇ ಮಳೆಯಲ್ಲಿ ಕೆಲಸ ಹಿಡಿದಿದೆಯೋ ಇಲ್ಲವೋ ನಿಮಗೇ ಗೊತ್ತಾಗುತ್ತದೆ.

ಖರ್ಚು ಮಾಡುವುದಾದರೆ ಸೋರಿಕೆ, ಡ್ರೈನೇಜ್ ವಾಸನೆ, ತೊಟ್ಟಿಕ್ಕುವ ನಲ್ಲಿ, ಸಂಪು ತೊಳೆಸುವುದು, ಕೆಟ್ಟ ಸ್ವಿಚ್ಚು, ಕಿರುಗುಟ್ಟುವ ಬಾಗಿಲು ಇಷ್ಟಕ್ಕೆ ಮಾಡಿ. ಒಂದು ಕೋಟ್ ತಿಳಿ ಬಣ್ಣ ಹೊಡೆಸಿ. ಹೊಸ ಕಿಚನ್, ಹೊಸ ಟೈಲ್ಸ್ ಬೇಡ. ನಿಮ್ಮ ರುಚಿ ಅವರದ್ದಾಗಿರಬೇಕಿಲ್ಲ, ಹಾಕಿದ ದುಡ್ಡು ಬೆಲೆಯಲ್ಲಿ ವಾಪಸ್ ಬರುವುದೂ ಕಷ್ಟ. ಅದಕ್ಕಿಂತ ಅಟ್ಟದ ಮೇಲಿನ ಹಳೇ ಟ್ರಂಕು, ಬಾಲ್ಕನಿಯ ಮುರಿದ ಸೈಕಲ್ಲು, ಹಾಲಿನ ಎರಡನೇ ಸೋಫಾ ಸಾಗಿಸಿ. ರೂಮು ದೊಡ್ಡದಾಗಿ ಕಾಣುತ್ತದೆ, ಖರ್ಚೂ ಇಲ್ಲ.

ನೀರಿನ ಪ್ರಶ್ನೆ ಖಂಡಿತ ಬರುತ್ತದೆ. 2024ರ ಬೇಸಿಗೆಯ ಬರ ನೋಡಿದ ಮೇಲೆ ಬೆಂಗಳೂರಿನಲ್ಲಿ ಮನೆ ಕೊಳ್ಳುವವರು ಕಾವೇರಿ ಸಂಪರ್ಕ ಇದೆಯಾ, ವಾರಕ್ಕೆ ಎಷ್ಟು ದಿನ ಬರುತ್ತದೆ, ಬೋರ್‌ವೆಲ್ ಎಷ್ಟು ಅಡಿ, ಈಗಲೂ ನೀರಿದೆಯಾ ಅಂತ ಬಿಡದೆ ಕೇಳುತ್ತಾರೆ. ಮಳೆನೀರು ಕೊಯ್ಲು ಮಾಡಿಸಿದ್ದರೆ ಅದನ್ನು ತೋರಿಸಿ. ನೀರಿನ ಬಿಲ್ಲು, ಕರೆಂಟ್ ಬಿಲ್ಲು ಕೈಗೆಟುಕುವಲ್ಲಿ ಇಟ್ಟುಕೊಳ್ಳಿ.

ವಾಸ್ತುವಿಗೆ ಗೋಡೆ ಒಡೆಯಬೇಡಿ. ಈಶಾನ್ಯದಲ್ಲಿ ಟಾಯ್ಲೆಟ್ ಇದ್ದರೆ ಕೆಲವರು ವಾಪಸ್ ಹೋಗುತ್ತಾರೆ, ಹೋಗಲಿ. ದಕ್ಷಿಣಕ್ಕೆ ಬಾಗಿಲಿರುವ ಮನೆ ನಿಧಾನಕ್ಕೆ ಮಾರಾಟವಾಗುತ್ತದೆ ಅನ್ನುವುದು ಬ್ರೋಕರ್‌ಗಳೆಲ್ಲ ಹೇಳುವ ಮಾತು. ಆದರೆ ಅದೇ ಬಾಗಿಲಿಗೆ ತಲೆ ಕೆಡಿಸಿಕೊಳ್ಳದವರೂ ಇದ್ದಾರೆ. ಕಾಲದ ಲೆಕ್ಕ ಮಾತ್ರ ನಿಜ. ಆಷಾಢದಲ್ಲಿ ನೋಡಲು ಬರುತ್ತಾರೆ, ಅಡ್ವಾನ್ಸ್ ಕೊಡಲು ಶ್ರಾವಣ ಬರಬೇಕು. ಪಿತೃಪಕ್ಷದಲ್ಲೂ ಹಾಗೆಯೇ. ನೀವು ಇವನ್ನು ನಂಬದಿದ್ದರೂ ಕೊಳ್ಳುವವನು ನಂಬುತ್ತಾನೆ, ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

ಮಂಜೂರಾದ ಪ್ಲಾನ್ ಎರಡು ಮಹಡಿಗೆ ಇದ್ದು ನೀವು ಮೂರು ಕಟ್ಟಿದ್ದರೆ ಮುಚ್ಚಿಡಲು ಹೋಗಬೇಡಿ. ಬೆಲೆ ಅಂದಾಜು ಮಾಡಲು ಕೊಳ್ಳುವವನ ಬ್ಯಾಂಕಿನಿಂದ ಬರುವ ವ್ಯಾಲ್ಯುಯರ್ ಟೇಪು ಹಿಡಿದು ಅಳೆಯುತ್ತಾನೆ.

ಬೆಲೆ ಮತ್ತು ಅಡ್ವಾನ್ಸ್

ಪಕ್ಕದ ಬೀದಿಯವರು ‘ನಮ್ಮದಕ್ಕೆ ಎರಡೂವರೆ ಕೋಟಿ ಹೇಳಿದ್ದೇವೆ’ ಎಂದದ್ದು ಬೆಲೆ ಅಲ್ಲ, ಆಸೆ. ನಿಜವಾಗಿ ಮಾರಾಟವಾದ ಮನೆಗಳ ರೇಟು ಇಬ್ಬರು ಮೂವರು ಬ್ರೋಕರ್‌ಗಳಿಂದ ತಿಳಿಯಿರಿ. ಬ್ಯಾಂಕಿನ ವ್ಯಾಲ್ಯುಯರ್ ಅಂದಾಜೂ ಸಹಾಯಕ್ಕೆ ಬರುತ್ತದೆ. ನೋಂದಣಿಗಾಗಿ ಸರ್ಕಾರ ನಿಗದಿ ಮಾಡಿರುವ ಮಾರ್ಗಸೂಚಿ ದರ ನೋಡಲೇಬೇಕು. ಅದು ನೀವು ಮಾರಿದ ಬೆಲೆಗಿಂತ ಶೇ 10ಕ್ಕೂ ಮೀರಿ ಜಾಸ್ತಿ ಇದ್ದರೆ, ತೆರಿಗೆ ಇಲಾಖೆ ನಿಮ್ಮ ಬೆಲೆಯನ್ನು ಬಿಟ್ಟು ಮಾರ್ಗಸೂಚಿ ದರದ ಮೇಲೇ ಲಾಭ ಲೆಕ್ಕ ಹಾಕುತ್ತದೆ.

‘ಸ್ವಲ್ಪ ಕ್ಯಾಶ್ ಕೊಡ್ತೀವಿ’ ಅನ್ನುವ ಮಾತೂ ಬರುತ್ತದೆ. 2015ರ ಜೂನ್‌ನಿಂದ ಆಸ್ತಿ ಮಾರಾಟದಲ್ಲಿ 20 ಸಾವಿರ ಅಥವಾ ಅದಕ್ಕಿಂತ ಜಾಸ್ತಿ ನಗದು ತೆಗೆದುಕೊಳ್ಳುವಂತಿಲ್ಲ. ಅಡ್ವಾನ್ಸ್ ಕೂಡ ಇದರಲ್ಲಿ ಸೇರಿದೆ. ಸಿಕ್ಕಿಬಿದ್ದರೆ ದಂಡ ಪಡೆದ ಮೊತ್ತದಷ್ಟೇ. ದಂಡ ಬೀಳುವುದು ತೆಗೆದುಕೊಂಡ ನಿಮಗೆ, ಕೊಟ್ಟವನಿಗಲ್ಲ.

ಅಡ್ವಾನ್ಸ್ ಪಡೆಯುವಾಗ ಕರಾರು ಬರೆಯಿರಿ. ಎಷ್ಟು ತಿಂಗಳಲ್ಲಿ ನೋಂದಣಿ, ತಡವಾದರೆ ಏನು, ಯಾರು ಹಿಂದೆ ಸರಿದರೆ ಎಷ್ಟು ಕಳೆದುಕೊಳ್ಳಬೇಕು, ಬಾಡಿಗೆದಾರರಿದ್ದರೆ ಯಾವಾಗ ಖಾಲಿ ಎಂಬುದೆಲ್ಲ ಅದರಲ್ಲಿರಲಿ. ಕೊಳ್ಳುವವನ ಬ್ಯಾಂಕ್ ಸಾಲ ಮಂಜೂರಾಗದಿದ್ದರೆ ಅಡ್ವಾನ್ಸ್ ವಾಪಸ್ ಕೊಡಬೇಕಾ ಬೇಡವಾ ಅನ್ನುವ ಒಂದು ಸಾಲನ್ನೂ ಹಾಕಿಸಿ. ಜಗಳ ಹುಟ್ಟುವುದು ಹೆಚ್ಚಾಗಿ ಅಲ್ಲೇ.

ಕೈಗೆ ಬಂದ ದುಡ್ಡಿನಲ್ಲಿ ತೆರಿಗೆ ಎಷ್ಟು

24 ತಿಂಗಳಿಗಿಂತ ಜಾಸ್ತಿ ಇಟ್ಟುಕೊಂಡ ಮನೆ ಮಾರಿದರೆ ಬರುವ ಲಾಭ ದೀರ್ಘಾವಧಿಯದು. 2024ರ ಜುಲೈ 23ರಿಂದ ಇದಕ್ಕೆ ಶೇ 12.5 ತೆರಿಗೆ, ಹಣದುಬ್ಬರದ ಹೊಂದಾಣಿಕೆ ಇಲ್ಲ. ಆದರೆ ಆ ದಿನಕ್ಕಿಂತ ಮೊದಲು ಕೊಂಡ ಮನೆಗೆ, ಭಾರತದಲ್ಲೇ ವಾಸಿಸುವವರಿಗೆ, ಹಳೇ ಲೆಕ್ಕವನ್ನೂ ಮಾಡಿ ನೋಡುವ ಅವಕಾಶ ಇದೆ. ಅಂದರೆ ಹಣದುಬ್ಬರ ಹೊಂದಿಸಿ ಶೇ 20. ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಕಟ್ಟಿದರೆ ಸಾಕು.

2010-11ರಲ್ಲಿ 40 ಲಕ್ಷಕ್ಕೆ ಕೊಂಡ ಮನೆಯನ್ನು 2025-26ರಲ್ಲಿ 1.2 ಕೋಟಿಗೆ ಮಾರಿದಿರಿ ಎಂದುಕೊಳ್ಳಿ. ಹೊಸ ಲೆಕ್ಕದಲ್ಲಿ ಲಾಭ 80 ಲಕ್ಷ, ತೆರಿಗೆ 10 ಲಕ್ಷ. ಹಳೇ ಲೆಕ್ಕದಲ್ಲಿ ಹಣದುಬ್ಬರ ಸೂಚ್ಯಂಕ ಕೊಂಡ ವರ್ಷ 167, ಮಾರಿದ ವರ್ಷ 376. ಕೊಂಡ ಬೆಲೆ ಹಿಗ್ಗಿ 90 ಲಕ್ಷ ಆಗುತ್ತದೆ. ಲಾಭ 30 ಲಕ್ಷ, ತೆರಿಗೆ 6 ಲಕ್ಷ. ಹಳೆಯದೇ ವಾಸಿ. ಅದೇ ಮನೆ 2 ಕೋಟಿಗೆ ಹೋದರೆ? ಹೊಸದರಲ್ಲಿ 20 ಲಕ್ಷ, ಹಳೆಯದರಲ್ಲಿ ಸುಮಾರು 22 ಲಕ್ಷ. ಈಗ ಹೊಸದೇ ವಾಸಿ. ಬೆಲೆ ತುಂಬ ಏರಿದ ಕಡೆ ಹೊಸ ಲೆಕ್ಕ, ಸಾಧಾರಣ ಏರಿದ ಕಡೆ ಹಳೇ ಲೆಕ್ಕ ಗೆಲ್ಲುತ್ತದೆ. ಸೆಸ್ಸು ಬೇರೆ ಸೇರುತ್ತದೆ.

ಇಲ್ಲೂ ಫೈಲೇ ಮುಖ್ಯ. 2012ರಲ್ಲಿ ಮೇಲೊಂದು ಮಹಡಿ ಕಟ್ಟಿಸಿದ್ದರೆ ಅದರ ಖರ್ಚನ್ನೂ ಲಾಭದಿಂದ ಕಳೆಯಬಹುದು. ಆದರೆ ಬಿಲ್ಲು, ಬ್ಯಾಂಕ್ ಪಾವತಿಯ ದಾಖಲೆ ಬೇಕು. ಬಣ್ಣ, ಸಣ್ಣಪುಟ್ಟ ರಿಪೇರಿ ಇದರಲ್ಲಿ ಬರುವುದಿಲ್ಲ. ಬ್ರೋಕರ್ ಕಮಿಷನ್ ಕಳೆಯಬಹುದು, ರಶೀದಿ ಇದ್ದರೆ. ಅಜ್ಜನ ಕಾಲದ ಮನೆಯಾದರೆ 2001ರ ಏಪ್ರಿಲ್ 1ರ ಮಾರುಕಟ್ಟೆ ಬೆಲೆಯನ್ನು ಕೊಂಡ ಬೆಲೆ ಎಂದು ಹಿಡಿಯಬಹುದು, ಆಗಿನ ಮಾರ್ಗಸೂಚಿ ದರ ಮೀರದಂತೆ. ನೋಂದಾಯಿತ ವ್ಯಾಲ್ಯುಯರ್ ವರದಿ ಮಾಡಿಸಿಟ್ಟುಕೊಳ್ಳಿ.

ಲಾಭದ ದುಡ್ಡಲ್ಲಿ ಇನ್ನೊಂದು ಮನೆ ಕೊಂಡರೆ ತೆರಿಗೆ ಉಳಿಯುತ್ತದೆ. ಮಾರಾಟಕ್ಕೆ ಒಂದು ವರ್ಷ ಮೊದಲು ಅಥವಾ ಎರಡು ವರ್ಷದೊಳಗೆ ಕೊಳ್ಳಬೇಕು, ಇಲ್ಲವೇ ಮೂರು ವರ್ಷದೊಳಗೆ ಕಟ್ಟಬೇಕು. ಆ ಹೊಸ ಮನೆಯನ್ನು ಮೂರು ವರ್ಷ ಮಾರಬಾರದು. ಮನೆ ಬೇಡ ಎಂದರೆ ಆರು ತಿಂಗಳೊಳಗೆ ಆರ್‌ಇಸಿ, ಪಿಎಫ್‌ಸಿಯಂಥ ಸರ್ಕಾರಿ ಸಂಸ್ಥೆಗಳ ಬಾಂಡಿನಲ್ಲಿ 50 ಲಕ್ಷದವರೆಗೆ ಹಾಕಬಹುದು, ಐದು ವರ್ಷ ತೆಗೆಯುವಂತಿಲ್ಲ. ಸೆಕ್ಷನ್ ನಂಬರ್ ಹೇಳುತ್ತಿಲ್ಲ, ಏಕೆಂದರೆ 2026ರ ಏಪ್ರಿಲ್‌ನಿಂದ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಅವು ಬದಲಾಗಿವೆ. ಹಳಬರು ‘ಫಿಫ್ಟಿಫೋರ್’ ಎನ್ನುವುದು ಮನೆ ಕೊಂಡು ತೆರಿಗೆ ಉಳಿಸುವ ಈ ಸೆಕ್ಷನ್ನನ್ನೇ.

ಮಾರಾಟದ ಬೆಲೆ 50 ಲಕ್ಷ ಅಥವಾ ಮೇಲಿದ್ದರೆ ಕೊಳ್ಳುವವನು ಶೇ 1 ಟಿಡಿಎಸ್ (ದುಡ್ಡು ಕೊಡುವಾಗಲೇ ಹಿಡಿಯುವ ತೆರಿಗೆ) ಹಿಡಿದು ನಿಮ್ಮ ಪ್ಯಾನ್ ಹೆಸರಲ್ಲಿ ಕಟ್ಟಬೇಕು. ಕಟ್ಟಿದನಾ ಎಂದು ನಿಮ್ಮ ತೆರಿಗೆ ಖಾತೆಯಲ್ಲಿ ನೋಡಿಕೊಳ್ಳಿ. ದುಬೈ, ಅಮೆರಿಕದಲ್ಲಿದ್ದು ಊರಿನ ಮನೆ ಮಾರುವವರ ಪಾಡು ಬೇರೆ. ಅವರಿಗೆ ಶೇ 20ರ ಹಳೇ ಲೆಕ್ಕದ ಆಯ್ಕೆ ಇಲ್ಲ. ಟಿಡಿಎಸ್ ಕೂಡ ಶೇ 1 ಅಲ್ಲ, ಶೇ 12.5ಕ್ಕೂ ಜಾಸ್ತಿ. ಅದೂ ಲಾಭದ ಮೇಲಲ್ಲ, ಪೂರ್ತಿ ಬೆಲೆಯ ಮೇಲೆ ಹಿಡಿಯುತ್ತಾರೆ. ಕರಾರು ಆದ ಕೂಡಲೇ, ನೋಂದಣಿಗೆ ಮೊದಲೇ, ಕಡಿಮೆ ಟಿಡಿಎಸ್‌ನ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದರೆ ಮಾತ್ರ ಇದರಿಂದ ತಪ್ಪಿಸಿಕೊಳ್ಳಬಹುದು.

ಹೊಸ ಮನೆ ಇನ್ನೂ ಸಿಕ್ಕಿಲ್ಲ, ರಿಟರ್ನ್ ಸಲ್ಲಿಸುವ ಕೊನೆ ದಿನ ಹತ್ತಿರ ಬಂತು ಅನ್ನುವವರಿಗೆ ಬ್ಯಾಂಕಿನಲ್ಲಿ ಕ್ಯಾಪಿಟಲ್ ಗೇನ್ಸ್ ಖಾತೆ ಎಂಬ ಬೇರೆಯೇ ಖಾತೆ ಇದೆ. ಲಾಭದ ಹಣವನ್ನು ಆ ದಿನದೊಳಗೆ ಅಲ್ಲಿ ಹಾಕಿಟ್ಟರೆ ವಿನಾಯಿತಿ ಉಳಿಯುತ್ತದೆ. ಮಾಮೂಲಿ ಎಫ್‌ಡಿಯಲ್ಲಿ ಇಟ್ಟರೆ ಉಳಿಯುವುದಿಲ್ಲ. ಎಲ್ಲ ಶಾಖೆಗಳಲ್ಲೂ ಈ ಖಾತೆ ತೆರೆಯುವುದಿಲ್ಲ, ಹಾಗಾಗಿ ಜುಲೈ ಕೊನೆಯ ವಾರದವರೆಗೆ ಕಾಯದೆ ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ.